ನೀರಿನ ರಾಶಿಯವರ ಪ್ರವಾಸ

ರಜೆ ಹತ್ತಿರ ಬಂದರೆ ಸಾಕು, ‘ನಿಮ್ಮ ರಾಶಿಗೆ ಯಾವ ಊರು ಸೂಟ್ ಆಗುತ್ತೆ?’ ಅನ್ನೋ ಪಟ್ಟಿಗಳು ವಾಟ್ಸಾಪ್‌ನಲ್ಲಿ ಓಡಾಡೋಕೆ ಶುರುವಾಗುತ್ತವೆ. ನೀವೂ ನೋಡಿರಬಹುದು. ಮೇಷ, ಸಿಂಹ, ಧನು ಅಗ್ನಿ ರಾಶಿಗಳು, ಅವರಿಗೆ ಬೆಟ್ಟ ಹತ್ತೋ ಸಾಹಸ. ವೃಷಭ, ಕನ್ಯಾ, ಮಕರ ಭೂಮಿಯ ರಾಶಿಗಳು, ಅವರಿಗೆ ತೋಟ, ಹಳ್ಳಿ, ಒಳ್ಳೆ ಊಟ. ಮಿಥುನ, ತುಲಾ, ಕುಂಭ ವಾಯು ರಾಶಿಗಳು, ಗಿಜಿಗುಡೋ ಪೇಟೆ. ಕರ್ಕಾಟಕ, ವೃಶ್ಚಿಕ, ಮೀನಕ್ಕೆ ನೀರು.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಯಾವುದೇ ಪಟ್ಟಿ ಕಂಡರೂ ಮೊದಲು ಇನ್‌ಪುಟ್ ಸರಿ ಇದೆಯಾ ಅಂತ ನೋಡೋದು ಅಭ್ಯಾಸ. ನಾನು ಹುಟ್ಟಿದ್ದು ಏಪ್ರಿಲ್ 10. ಇಂಗ್ಲಿಷ್ ಪಟ್ಟಿಯಲ್ಲಿ ಮೇಷ. ನಮ್ಮ ಪಂಚಾಂಗದಲ್ಲಿ ಸೂರ್ಯ ಮೇಷಕ್ಕೆ ಬರೋದೇ ಏಪ್ರಿಲ್ 14ರ ಹೊತ್ತಿಗೆ, ಹಾಗಾಗಿ ಅಲ್ಲಿ ಮೀನ. ಎರಡೂ ಲೆಕ್ಕದ ನಡುವೆ ಸುಮಾರು 24 ಡಿಗ್ರಿ ಅಂತರ. ಅಷ್ಟಕ್ಕೇ ಮುಗಿಯಲ್ಲ. ನಮ್ಮಲ್ಲಿ ‘ನಿನ್ನ ರಾಶಿ ಯಾವುದು’ ಅಂದರೆ ಚಂದ್ರ ಎಲ್ಲಿದ್ದ ಅಂತ ಅರ್ಥ, ಅವನೋ ಎರಡೂಕಾಲು ದಿನಕ್ಕೊಂದು ಮನೆ ಬದಲಾಯಿಸುತ್ತಾನೆ. ಜಾತಕದ ಪ್ರಕಾರ ನಂದು ಕನ್ಯಾ. ಅಂದರೆ ನಾನೊಬ್ಬನೇ ಬೆಟ್ಟ, ಸಮುದ್ರ, ತೋಟ ಮೂರಕ್ಕೂ ಹೋಗಬೇಕು. ರಜೆ ಇರೋದು ನಾಲ್ಕು ದಿನ!

ಇದನ್ನೆಲ್ಲ ನಗುತ್ತಾ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಹೋದ ಮೇಲೆ ಎರಡು ವರ್ಷದಿಂದ ಅವಳು ತುಮಕೂರು ಬಿಟ್ಟು ಎಲ್ಲಿಗೂ ಬಂದಿಲ್ಲ. ಕರೆದಾಗೆಲ್ಲ ಮಂಡಿ ನೋವು, ಇಲ್ಲಾ ಹಾಲಿನವನು, ಇಲ್ಲಾ ತುಳಸಿಗೆ ನೀರು ಹಾಕೋರಿಲ್ಲ. ಅಮ್ಮನ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಆ ಕಾಲದಲ್ಲಿ ಮೇಷ್ಟ್ರು ಅರ್ಧ ತರಗತಿಗೆ ಅದನ್ನೇ ಬರೆದುಬಿಡುತ್ತಿದ್ದರಂತೆ. ಆ ಲೆಕ್ಕಕ್ಕೆ ಅವಳು ಮಿಥುನ, ಪೇಟೆ ಸುತ್ತಬೇಕು.

‘ಅದು ಸರ್ಕಾರದ ಹುಟ್ಟುಹಬ್ಬ ಕಣೋ. ನಂದು ಅನೂರಾಧ ನಕ್ಷತ್ರ, ವೃಶ್ಚಿಕ,’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ವೃಶ್ಚಿಕ ನೀರಿನ ರಾಶಿ ಅಂದೆ ಅಲ್ವಾ? ಹಾಗಿದ್ರೆ ನೀರಿರೋ ಕಡೆ ಹೋಗೋಣ. ಮೆಟ್ಟಿಲು ಜಾಸ್ತಿ ಇರಬಾರದು.’

ನಾನು ಸುಮ್ಮನಾದೆ. ನನಗೆ ಬುದ್ಧಿ ಬಂದಾಗಿನಿಂದ ಎಲ್ಲಿಗೆ ಹೋಗೋಣ ಅಂದರೆ ಅಮ್ಮನ ಉತ್ತರ ಒಂದೇ, ‘ನಿಮ್ಮಿಷ್ಟ.’ ಅಪ್ಪನ ಎಲ್‌ಟಿಸಿ, ಅಜ್ಜಿಯ ಹರಕೆ, ನನ್ನ ಪರೀಕ್ಷೆ, ಇವೇ ಊರು ಆರಿಸುತ್ತಿದ್ದವು. ತನಗೆ ಬೇಕು ಅಂತ ಕೇಳೋದು ಅವಳಿಗೆ ಇವತ್ತಿಗೂ ಸಂಕೋಚ. ರಾಶಿಗೆ ಬೇಕು ಅಂತ ಕೇಳೋದಕ್ಕೆ ಅಷ್ಟೊಂದು ಸಂಕೋಚ ಇಲ್ಲ ಅನ್ನಿಸುತ್ತೆ. ಚಂದ್ರನ ಲೆಕ್ಕ, 24 ಡಿಗ್ರಿ ಯಾವುದನ್ನೂ ಮತ್ತೆ ಎತ್ತಲಿಲ್ಲ ನಾನು.

ಡಿಸೆಂಬರ್ ಮೊದಲ ವಾರ ಶೃಂಗೇರಿಗೆ ಹೋದೆವು. ತುಂಗೆ ಪಕ್ಕದಲ್ಲೇ ಇದೆ. ಅಲ್ಲಿನ ವಿದ್ಯಾಶಂಕರ ದೇವಾಲಯ 14ನೇ ಶತಮಾನದ್ದು. ಮಂಟಪದಲ್ಲಿ ಹನ್ನೆರಡು ಕಂಬ, ಒಂದೊಂದರಲ್ಲೂ ಒಂದೊಂದು ರಾಶಿ ಕೆತ್ತಿದ್ದಾರೆ. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುವ ಹಾಗೆ ಕಟ್ಟಿದ್ದಾರೆ ಅಂತ ಹೇಳುತ್ತಾರೆ. ಡಿಸೆಂಬರ್ ಮಧ್ಯದವರೆಗೂ ಸೂರ್ಯ ಇರೋದು ವೃಶ್ಚಿಕದಲ್ಲೇ. ನಾವು ತಲುಪಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ, ಬಿಸಿಲು ನೋಡೋ ಯೋಗ ಇರಲಿಲ್ಲ. ಕಂಬದ ಸಿಂಹಗಳ ಬಾಯೊಳಗೆ ಉರುಳಾಡೋ ಕಲ್ಲಿನ ಗುಂಡು ನೋಡಿ ನನ್ನ ಹೆಂಡತಿ ಇದನ್ನು ಒಳಗೆ ಹಾಕಿದ್ದು ಹೇಗೆ ಅಂತ ತಲೆ ಕೆಡಿಸಿಕೊಂಡು ನಿಂತಳು. ಅಮ್ಮ ಮಾತ್ರ ಕಂಬ ಕಂಬವೂ ಸುತ್ತಿ ಚೇಳನ್ನು ಹುಡುಕಿದಳು. ಮಂಡಿ ನೋವಿನ ಸುದ್ದಿಯೇ ಇಲ್ಲ.

ಸಂಜೆ ನದಿಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿದಳು. ಒಂದು ಪೊಟ್ಟಣ ಮುಗಿಯಿತು, ಇನ್ನೊಂದು ತರಿಸಿದಳು. ‘ನಿಮ್ಮಪ್ಪನಿಗೆ ನೀರು ಅಂದ್ರೆ ಭಯ. ಅದಕ್ಕೇ ಇಂಥ ಕಡೆ ಎಲ್ಲೂ ಕೂತುಕೊಳ್ಳೋಕೆ ಬಿಡ್ತಿರಲಿಲ್ಲ,’ ಅಂದಳು. ಅಪ್ಪನ ಬಗ್ಗೆ ಅಳದೆ ಅವಳು ಮಾತಾಡಿದ್ದು ನನಗೆ ತಿಳಿದ ಹಾಗೆ ಅದೇ ಮೊದಲು. ಕತ್ತಲಾಗೋವರೆಗೂ ನಾವು ಯಾರೂ ಏಳೋಣ ಅನ್ನಲಿಲ್ಲ.

ಈಗ ಫೆಬ್ರವರಿಗೆ ಮುರುಡೇಶ್ವರದ ಟಿಕೆಟ್ ನೋಡುತ್ತಿದ್ದೇನೆ. ಚಿಕ್ಕಮ್ಮನೂ ಬರ್ತಾಳಂತೆ. ಅವಳದು ಧನು, ಅಗ್ನಿ ರಾಶಿ, ಸಮುದ್ರ ಆಗಿಬರಲ್ವಲ್ಲಮ್ಮಾ ಅಂದೆ. ‘ಅವಳು ದಡದಲ್ಲಿ ಕೂತಿರ್ತಾಳೆ ಬಿಡು, ಚಪ್ಪಲಿ ನೋಡ್ಕೊಳ್ಳೋಕೆ ಒಬ್ರು ಬೇಕು,’ ಅಂದಳು ಅಮ್ಮ.