ಹೋಳೂರಿನಿಂದ ಅಕ್ಕನಿಗೆ

ಹೋಳೂರು
ರಾತ್ರಿ ಹನ್ನೊಂದೂವರೆ

ಪ್ರೀತಿಯ ಅಕ್ಕನಿಗೆ,

ಹೋದ ಕರೆಂಟು ಈಗಷ್ಟೇ ಬಂತು. ಎಲ್ಲರೂ ಮಲಗಿದ್ದಾರೆ. ಗೃಹಪ್ರವೇಶ ಚೆನ್ನಾಗಿ ಆಯಿತು. ಕೋಲಾರದಲ್ಲಿ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ಎರಡನ್ನೂ ನೋಡಿದೆ. ಬಿಸಿಲಿಗೆ ಹೆದರಿ ಅಂತರಗಂಗೆ ಬೆಟ್ಟ ಹತ್ತಲಿಲ್ಲ. ಅಮ್ಮನಿಗೆ ಬಿಪಿ ಮಾತ್ರೆ ತಪ್ಪದೆ ಕೊಡುತ್ತಿದ್ದೀಯಲ್ಲ? ಗ್ಯಾಸ್ ಬುಕ್ ಮಾಡಿಬಿಡು, ಮರೆಯಬೇಡ.

ಈಗ ಮುಖ್ಯ ವಿಷಯ. ಅಮ್ಮನ ಮೊಣಕಾಲಿಗೆ ಮನೆಯಲ್ಲೇ ಭಂಗಿ ಸೊಪ್ಪಿನ ಎಣ್ಣೆ ಕಾಯಿಸೋಣ ಅಂತ ಭಾವ ಫೋನಿನಲ್ಲಿ ಹೇಳಿದರಲ್ಲ, ಆ ಮಾತು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಇಲ್ಲಿ ಎದುರು ಮನೆಯ ಅಜ್ಜಿಯ ಜಗಲಿಯಲ್ಲಿ ಕೂತು ಅಮ್ಮನ ನೋವಿನ ಸುದ್ದಿ ಹೇಳಿದೆ. ನನ್ನ ಗುರುತು ಪರಿಚಯ ಏನೂ ಇಲ್ಲದ ಅಜ್ಜಿ, "ಏಳು ತಾಯಿ, ಲಕ್ಕಿ ಸೊಪ್ಪು ತರೋಣ" ಅಂತ ಕೋಲು ಹಿಡಿದು ಎದ್ದೇಬಿಟ್ಟರು. ಸೊಸೆಯ ಹತ್ತಿರ ತೆಲುಗಿನಲ್ಲಿ ಏನೋ ಹೇಳಿ ಚೀಲ ತರಿಸಿಕೊಂಡು, ನನ್ನನ್ನು ಕೆರೆ ಏರಿಗೆ ಕರೆದುಕೊಂಡು ಹೋದರು. ಒಂದೊಂದು ತೊಟ್ಟಿನಲ್ಲಿ ಮೂರೋ ಐದೋ ಎಲೆ, ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಣ್ಣ. ಹಿಚುಕಿದರೆ ಮೂಗಿಗೆ ಘಾಟು. ನಮ್ಮ ಕಾಲೇಜಿನ ಲೈಬ್ರರಿಯ ಆಯುರ್ವೇದ ಪುಸ್ತಕಗಳಲ್ಲೆಲ್ಲ ನಿರ್ಗುಂಡಿ ಅಂತ ಬರುವುದು ಇದೇ ಗಿಡ.

ಎಣ್ಣೆ ಕಾಯಿಸೋದು ಅಡುಗೆಯಷ್ಟೇ ಸುಲಭ ಅಂತ ನಾವು ಅಂದುಕೊಂಡಿದ್ದೀವಿ. ಅಲ್ಲ ಅಕ್ಕ. ಅಜ್ಜಿ ಸೊಪ್ಪನ್ನು ತೊಳೆದು ನೆರಳಿನಲ್ಲಿ ಹರಡಿ, ಮೇಲಿನ ನೀರಿನ ಪಸೆ ಪೂರಾ ಆರಲು ಬಿಟ್ಟರು. ಒಂದಿಷ್ಟನ್ನು ನುಣ್ಣಗೆ ರುಬ್ಬಿ ಮುದ್ದೆ ಮಾಡಿದರು, ಉಳಿದದ್ದನ್ನು ಜಜ್ಜಿ ರಸ ಹಿಂಡಿದರು. ಗಾಣದ ಎಳ್ಳೆಣ್ಣೆ ಅರ್ಧ ಲೀಟರು, ಸೊಪ್ಪಿನ ಮುದ್ದೆ ಅರ್ಧ ಪಾವು ಕೇಜಿ, ರಸ ಎರಡು ಲೀಟರು. ಆಯುರ್ವೇದದ ಶಾರ್ಙ್ಗಧರ ಸಂಹಿತೆಯ ಸಾಮಾನ್ಯ ಲೆಕ್ಕವೂ ಇದೇ: ಕಲ್ಕ, ಅಂದರೆ ರುಬ್ಬಿದ ಮುದ್ದೆ, ಒಂದು ಪಾಲಾದರೆ ಎಣ್ಣೆ ನಾಲ್ಕು, ದ್ರವ ಹದಿನಾರು. ಅಜ್ಜಿಗೆ ಓದು ಬರಹ ಬಾರದು. ಆ ಅಳತೆ ಅವರ ಕೈಗೆ ಬಂದಿರುವುದು ಅವರ ಅತ್ತೆಯಿಂದ.

ಇಲ್ಲಿ ರೇಷ್ಮೆ ಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿ ರಾಶಿ ಇರುತ್ತದೆ, ಒಲೆಗೆ ಅದೇ. ಆದರೆ ಎಣ್ಣೆಗೆ ಅಜ್ಜಿ ಅದನ್ನು ಮುಟ್ಟಲಿಲ್ಲ. ಅದು ಭಗ್ಗನೆ ಹತ್ತಿ ಎಣ್ಣೆಯನ್ನು ಸೀಯಿಸುತ್ತದಂತೆ. ಹುಣಸೆ ಕೊರಡು ಇಟ್ಟು ಸಣ್ಣ ಉರಿ ಮಾಡಿದರು. ಪಾತ್ರೆ ಎಣ್ಣೆ, ರಸ ಎರಡೂ ಹಿಡಿದು ಮೇಲೆ ಸಾಕಷ್ಟು ಜಾಗ ಉಳಿಯುವಂಥದು ಇರಲೇಬೇಕು. ರಸ ಕುದಿಯುವಾಗ ನೊರೆ ಉಕ್ಕಿ ಉರಿಗೆ ಬಿದ್ದರೆ ಮನೆಗೇ ಬೆಂಕಿ. ತಳ ಹಿಡಿಯದ ಹಾಗೆ ಸೌಟಾಡಿಸುತ್ತಲೇ ಇರಬೇಕು, ಎದ್ದು ಹೋಗುವ ಹಾಗಿಲ್ಲ. ಅವಸರ ಬೇಡ ಅಂತ ಸಂಜೆ ಉರಿ ತೆಗೆದು, ಮರುದಿನ ಮತ್ತೆ ಮುಂದುವರಿಸಿದರು.

ಅಜ್ಜಿ ಎಣ್ಣೆಯನ್ನು ನೋಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಮೊದಲು ಕೊತಕೊತ, ಆಮೇಲೆ ಚಿಟಿಚಿಟಿ, ಕೊನೆಗೆ ಸದ್ದಡಗಿ ಮೇಲೆ ಸಣ್ಣ ನೊರೆ. ಆಗ ತಳದಿಂದ ಚೂರು ಸೊಪ್ಪು ತೆಗೆದು ಆರಿಸಿ, ಬೆರಳ ನಡುವೆ ಹೊಸೆದರು. ಬತ್ತಿಯ ಹಾಗೆ ನಿಂತಿತು. ಅದನ್ನು ಉರಿಗೆ ಹಿಡಿದರೆ ಚಟಪಟ ಅನ್ನಲಿಲ್ಲ, ಸುಮ್ಮನೆ ಉರಿಯಿತು. ನೀರು ಪೂರ್ತಿ ಹೋಗಿದೆ ಅಂತ ಅರ್ಥ. ನೀರುಳಿದರೆ ಎಣ್ಣೆ ಹಳಸುತ್ತದೆ, ಮಿತಿಮೀರಿ ಕಾದರೆ ಸುಟ್ಟ ವಾಸನೆ ಬಂದು ಗುಣ ಕೆಡುತ್ತದೆ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾದ ಮೇಲೆ ಒಣಗಿದ ಗಾಜಿನ ಬಾಟಲಿಗೆ ಹಾಕಿದರು. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟಿ ನೀರು ಮತ್ತೆ ಎಣ್ಣೆಗೇ ಬೀಳುತ್ತದೆ. ಕಾಸು ಮುಟ್ಟಲಿಲ್ಲ. ಮುದ್ದೆ ಬಸ್ಸಾರು ಬಡಿಸಿ ಎರಡು ಬಾಟಲಿ ಕೈಗಿಟ್ಟರು, "ನಿಮ್ಮಮ್ಮನಿಗೂ ಇರಲಿ, ನಿನಗೂ ಇರಲಿ."

ಇದನ್ನು ಕಣ್ಣಾರೆ ಕಂಡ ಮೇಲೆ ಭಾವನಿಗೆ ಹೇಳುವುದು ಸುಲಭವಾಗಿದೆ. ಅಜ್ಜಿಯ ಬತ್ತಿ ನೀರು ಹೋಯಿತೋ ಇಲ್ಲವೋ ಹೇಳುತ್ತದೆ. ಭಂಗಿ ಹಾಕಿದ್ದರೆ ಅಮಲು ಎಷ್ಟು ಇಳಿಯಿತು ಅನ್ನುವುದನ್ನು ಕಿವಿ, ಮೂಗು, ಬೆರಳು ಯಾವುದೂ ಹೇಳಲಾರದು. ಆ ಅಮಲಿನ ಅಂಶ ಎಣ್ಣೆಯಲ್ಲಿ ಕರಗುತ್ತದೆ, ಆದರೆ ಗಿಡದಿಂದ ಗಿಡಕ್ಕೆ, ಕಾಯಿಸುವ ಹದದಿಂದ ಹದಕ್ಕೆ ಅದರ ಬಲ ಬದಲಾಗುತ್ತದೆ. ಹೊಟ್ಟೆಗೆ ತೆಗೆದುಕೊಂಡರೆ ತಲೆಗೇರಲು ಒಂದೆರಡು ಗಂಟೆ ಹಿಡಿಯಬಹುದು. ಏನೂ ಆಗಲಿಲ್ಲವಲ್ಲ ಅಂತ ಮತ್ತೊಂದು ಚಮಚ ಕುಡಿಯುವವರೇ ಕಷ್ಟಕ್ಕೆ ಸಿಕ್ಕಿಕೊಳ್ಳುವುದು. ಎಪ್ಪತ್ತು ದಾಟಿದ, ಬಿಪಿ ಮಾತ್ರೆ ನುಂಗುವ ಅಮ್ಮನ ಮೇಲೆ ಇದನ್ನು ಪರೀಕ್ಷೆ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ತಿಂಥಣಿ ಮೌನೇಶ್ವರನ ಗುಡಿಯಲ್ಲಿ ಗಾಂಜಾವನ್ನೇ ಪ್ರಸಾದ ಅಂತ ತಗೊಳ್ಳುತ್ತಾರಲ್ಲ ಅಂದರು ಭಾವ. 2020ರಲ್ಲಿ ಪತ್ರಿಕೆಯಲ್ಲಿ ನಾನೂ ಓದಿದ್ದೆ. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೂತೆನೆಯ ಗಾಂಜಾ, ಅಂಟಿನ ಚರಸ್ ಎರಡೂ ಅಪರಾಧ, ಪರವಾನಗಿ ಇಲ್ಲದೆ ಗಿಡ ಬೆಳೆಸುವುದೂ ಅಪರಾಧ. ತೆನೆ ಸೇರದ ಎಲೆ, ಬೀಜ ಮಾತ್ರ ಆ ವ್ಯಾಖ್ಯೆಯ ಹೊರಗೆ. ಭಂಗಿ ಆ ಕಾಯ್ದೆಗೆ ಬರುವುದಿಲ್ಲ ಅಂತ 2022ರಲ್ಲಿ ನಮ್ಮ ಹೈಕೋರ್ಟು ಒಬ್ಬರಿಗೆ ಜಾಮೀನು ಕೊಟ್ಟದ್ದು ನಿಜ. ಹಾಗಂತ ಅದು ಮನೆಮದ್ದಾಗಲಿಲ್ಲ. ಆಯುರ್ವೇದ ಔಷಧಿಗಳ ನಿಯಮದಲ್ಲೂ ಭಂಗಿ ವಿಷದ್ರವ್ಯಗಳ ಪಟ್ಟಿಯಲ್ಲಿದೆ, ವೈದ್ಯರ ಉಸ್ತುವಾರಿಯಲ್ಲೇ ಕೊಡಬೇಕಾದದ್ದು. ಬೇಕೇ ಬೇಕು ಅನ್ನಿಸಿದರೆ ವೈದ್ಯರ ಚೀಟಿ ತಗೊಂಡು, ಪರವಾನಗಿ ಇರುವವರು ಮಾಡಿದ್ದನ್ನೇ ತರಲಿ. ಭಾವನಿಗೆ ಇದನ್ನು ಓದಿ ಹೇಳು. ಅಮ್ಮನ ಮೇಲಿನ ಪ್ರೀತಿಗೇ ಹೇಳಿದ್ದು ಅಂತ ನನಗೆ ಗೊತ್ತು, ಬೇಜಾರು ಮಾಡಿಕೊಳ್ಳುವುದು ಬೇಡ.

ಲಕ್ಕಿ ಎಣ್ಣೆಯನ್ನೂ ಮೊದಲು ಅಮ್ಮನ ಮೊಳಕೈ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ನೋಡು. ತುರಿಕೆ, ಕೆಂಪು ಇಲ್ಲದಿದ್ದರೆ ರಾತ್ರಿ ಉಗುರುಬೆಚ್ಚಗೆ ಮಾಡಿ ಸವರು. ಹೊಟ್ಟೆಗೆ ಬೇಡ. ಊತ, ಜ್ವರ ಕಂಡರೆ ಎಣ್ಣೆ ಬಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಪುಟ್ಟುವಿನ ಯೂನಿಫಾರಂ ಅಳತೆ ಕಳಿಸು, ಬರುವಾಗ ಬೆಂಗಳೂರಿನಲ್ಲಿ ತರುತ್ತೇನೆ. ಶ್ರೀನಿವಾಸಪುರದ ಮಾವು ಈಗ ಮಂಡಿಗೆ ಬರುತ್ತಿದೆ. ಬಾದಾಮಿ ಬೇಕೋ ಮಲ್ಲಿಕಾ ಬೇಕೋ ಅಂತ ಅಮ್ಮನನ್ನೇ ಕೇಳು. ರಸಪುರಿ ತಂದರೆ ಬಸ್ಸಿನಲ್ಲೇ ಮೆತ್ತಗಾಗಿಬಿಡುತ್ತದೆ.