ನಿನ್ನೆಯ ಕೇಕು

ತಂಗಳು ಎಂಬ ಮಾತಿಗೆ ನಮ್ಮಲ್ಲಿ ಮರ್ಯಾದೆಯಿಲ್ಲ. ಹಳೆಯ ಸುದ್ದಿಯನ್ನೂ ತಂಗಳೆಂದೇ ಜರೆಯುತ್ತೇವೆ. ಆದರೆ ದಾವಣಗೆರೆಯವರಾದ ನಾವು, ಬೆಣ್ಣೆದೋಸೆಯ ಹಿಟ್ಟು ಹಿಂದಿನ ದಿನ ರುಬ್ಬಿದ್ದೆಂದು ಎಂದಾದರೂ ಆಕ್ಷೇಪಿಸಿದ್ದುಂಟೆ? ಒಬ್ಬಟ್ಟಿನ ಸಾರು ಮರುದಿನವೇ ರುಚಿಯೆಂದು ಪಾತ್ರೆಯ ತಳ ಕೆರೆಯುವುದಿಲ್ಲವೆ? ಹೀಗಿರಲು ಕೇಕೊಂದರ ಮೇಲೆಯೇ ಈ ಶಂಕೆ ಏಕೋ ತಿಳಿಯದು.

ಈ ಮಾತನ್ನಾಡಲು ನನಗೆ ಅಧಿಕಾರವುಂಟು. ನಮ್ಮ ತಾಯಿಯವರು ಮನೆಯಲ್ಲಿ ಹುಟ್ಟುಹಬ್ಬದ ಕೇಕು ಮಾಡಿಕೊಡುತ್ತಾರೆ. ನನ್ನ ಕಾಲೇಜಿನ ಶುಲ್ಕ, ತಂಗಿಯ ಪುಸ್ತಕ, ಎಲ್ಲವೂ ಆ ಪುಟ್ಟ ಓವನ್ನಿನಿಂದಲೇ ಹೊರಡಬೇಕು. ಅವರ ಕಟ್ಟಳೆ ಒಂದೇ: ಇಂದು ಬೇಯಿಸಿದ್ದನ್ನು ಇಂದೇ ಸಿಂಗರಿಸಕೂಡದು.

ಕಾರಣವಿಲ್ಲದ ಕಟ್ಟಳೆಯಲ್ಲ ಅದು. ಬಿಸಿ ಕೇಕಿನ ಒಳಗಿನ ಪಿಷ್ಟ ಇನ್ನೂ ಮೆತ್ತಗಿರುತ್ತದೆ. ಅದು ತಣಿದು ಬಿಗಿಯುವ ಮೊದಲೇ ಚಾಕು ಹಾಕಿದರೆ ಪದರ ಹರಿದು ಪುಡಿ ಉದುರುತ್ತದೆ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದು ಮೊಟ್ಟೆಯಿಲ್ಲದ ಕೇಕು. ಹಿಡಿದಿಡಲು ಮೊಟ್ಟೆಯಿಲ್ಲವಾಗಿ ಅದಕ್ಕೆ ಪುಡಿಯ ಕಾಟ ಇನ್ನೂ ಹೆಚ್ಚು. ಬೆಣ್ಣೆಯಾದರೋ 35 ಡಿಗ್ರಿಯ ಸುಮಾರಿಗೆಲ್ಲ ಕರಗುವ ಪದಾರ್ಥ. ಬಿಸಿ ಕೇಕಿನ ಮೇಲೆ ಬೆಣ್ಣೆಕ್ರೀಮಿನ ಗುಲಾಬಿ ಇಟ್ಟರೆ, ಮದುವೆಮನೆಯಲ್ಲಿ ತೂಕಡಿಸುವ ಅಜ್ಜನಂತೆ ಅದು ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತದೆ.

ಆದ್ದರಿಂದ ಸಂಜೆ ಬೆಂದ ಕೇಕು ಹತ್ತು ನಿಮಿಷ ಪಾತ್ರೆಯಲ್ಲೇ ಕುಳಿತು, ಬಳಿಕ ಜಾಲರಿಯ ಮೇಲೆ ಪೂರ್ತಿ ಆರಬೇಕು. ಆರುವ ಮೊದಲೇ ಮುಚ್ಚಿದರೆ ಹಬೆ ನೀರಾಗಿ ಮೇಲೆಲ್ಲ ಅಂಟಂಟು. ಆರಿದ ಮೇಲೂ ತೆರೆದಿಟ್ಟರೆ ಒಣಕಲು. ಮುಟ್ಟಿದರೆ ಬಿಸಿಯೇ ಇಲ್ಲವೆನ್ನುವಾಗ ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಸೇರಿಸಿ ಬಿಗಿಯಾಗಿ ಮುಚ್ಚುತ್ತಾರೆ. ಫ್ರಿಜ್ಜಿಗೆ ಹಾಕುವುದಿಲ್ಲ; ಆ ತಂಪಿನಲ್ಲಿ ಕೇಕು ಬೇಗ ಬಿರುಸಾಗುತ್ತದೆ. ರಾತ್ರಿಯೆಲ್ಲ ನಡುವಿನ ತೇವ ಒಣಗಿದ ಅಂಚಿಗೂ ಹರಡಿ, ಬೆಳಿಗ್ಗೆ ಪದರ ಸೀಳಿದರೆ ಚಾಕು ತಡೆಯಿಲ್ಲದೆ ಹಾಯುತ್ತದೆ. ಮೊದಲು ತೆಳ್ಳಗೆ ಒಂದು ಕೈ ಕ್ರೀಮು ಬಳಿದು, ಅಳಿದುಳಿದ ಪುಡಿಯನ್ನು ಅದರಲ್ಲೇ ಅಂಟಿಸಿ, ಅದು ಬಿಗಿದ ಮೇಲೆ ನಿಜವಾದ ಸಿಂಗಾರ. ಗೋಡೆಗೆ ಸುಣ್ಣ ಬಳಿಯುವವರಿಗೆ ಈ ಮೊದಲ ಕೈಯ ಮರ್ಮ ಚೆನ್ನಾಗಿ ಗೊತ್ತು.

ಇಷ್ಟಾದ ಮೇಲೆ ಗಿರಾಕಿ ಬಂದು ಕೇಳುವ ಮೊದಲ ಪ್ರಶ್ನೆ, “ಇವತ್ತೇ ಮಾಡಿದ್ದಲ್ವೇನ್ರೀ?” ಎಂದು. ಹೂಂ ಎಂದರೆ ಮುಗಿಯಿತು. ನಾನಾದರೆ ಹೂಂ ಎಂದುಬಿಡುತ್ತೇನೆ. ತಾಯಿಯವರು ಮಾತ್ರ, “ನಿನ್ನೆ ಸಂಜೆ ಬೇಯಿಸಿದ್ದು ಕಣ್ರೀ, ಇವತ್ತು ಸಿಂಗಾರ ಮಾಡಿದ್ದು” ಎಂದೇ ಹೇಳುವವರು. ಹಲವರು ನಕ್ಕು ಒಯ್ಯುತ್ತಾರೆ. ಕಳೆದ ಡಿಸೆಂಬರಿನಲ್ಲಿ ಒಬ್ಬರು ಹಾಗೆ ಮಾಡಲಿಲ್ಲ. ಮಗುವಿನ ಮೊದಲ ಹುಟ್ಟುಹಬ್ಬ. ಎರಡು ಕಿಲೋ ಕೇಕು. ಮೇಲೆ ಗಿಳಿಹಸುರಿನ ಬಳ್ಳಿ. “ತಂಗಳು ತಗೊಂಡು ಹೋಗಿ ಮಗೂಗೆ ತಿನ್ನಿಸ್ಲಾ?” ಎಂದವರೇ ಸ್ಕೂಟರ್ ಹತ್ತಿದರು. ಸೋಮವಾರ ನನ್ನ ಪರೀಕ್ಷಾ ಶುಲ್ಕ ಕಟ್ಟಲು ಕಡೆಯ ದಿನ.

“ಹೂಂ ಅನ್ನಬಾರದಿತ್ತೇನಮ್ಮ?” ಎಂದೆ. “ನಾಳೆ ಅವರೇ ಬಂದು, ನೀವು ಕೇಕು ಹೇಗೆ ಮಾಡ್ತೀರಿ ಹೇಳಿಕೊಡಿ ಅಂದ್ರೆ ಏನನ್ನಲೋ?” ಎಂದು ಚಾಕು ತೊಳೆದು ತಂದರು. ಬೀದಿಯ ಮಕ್ಕಳಿಗೆಲ್ಲ ತುಂಡು ಹಂಚಿ, ಉಳಿದದ್ದನ್ನು ಮುಚ್ಚಿಟ್ಟರು. ಶುಲ್ಕಕ್ಕೆ ಸೋದರಮಾವನವರಲ್ಲಿ ಸಾಲ ತಂದೆವು. ಎರಡು ತಿಂಗಳಿಗೆ ತೀರಿತು.

ಉಳಿದ ಕೇಕನ್ನು ಮರುದಿನ ತಿಂದೆವು. ಹಿಂದಿನ ದಿನಕ್ಕಿಂತ ಚೆನ್ನಾಗಿತ್ತು.