ದೊಡ್ಡಪ್ಪನ ಡೈರಿ, ನನ್ನ ಎಕ್ಸೆಲ್ ಶೀಟು

"ನಿಮ್ಮವರು ಇಲ್ಲೀವರೆಗೆ ಎಷ್ಟು ಜನರನ್ನ ಕನ್ವರ್ಟ್ ಮಾಡಿದಾರೆ?"

2022ರಲ್ಲಿ ಮತಾಂತರ ಕಾಯಿದೆಯ ಸುದ್ದಿ ಜೋರಾಗಿದ್ದಾಗ ಆಫೀಸಿನ ಕ್ಯಾಂಟೀನಲ್ಲಿ ಸಹೋದ್ಯೋಗಿಯೊಬ್ಬ ಕೇಳಿದ ಪ್ರಶ್ನೆ ಇದು. ಅವನೇನು ಕೆಟ್ಟವನಲ್ಲ, ಕುತೂಹಲ ಅಷ್ಟೆ. ನಾನು ನಕ್ಕು ಮಾತು ತೇಲಿಸಿದೆ. ಆದರೆ ರೂಮಿಗೆ ಬಂದಮೇಲೂ ಆ ಪ್ರಶ್ನೆ ಬಿಡಲಿಲ್ಲ. ಯಾಕೆಂದರೆ ಅವನಿಗಿಂತ ಎಷ್ಟೋ ಮೊದಲು ಇದೇ ಪ್ರಶ್ನೆಯನ್ನು ನಾನೇ ನಮ್ಮ ದೊಡ್ಡಪ್ಪನಿಗೆ ಕೇಳಿದ್ದೆ.

ನಮ್ಮದು ಸಾಗರದ ಕ್ರೈಸ್ತ ಕುಟುಂಬ. ದೊಡ್ಡಪ್ಪ ಪಾದ್ರಿಯಲ್ಲ, ಗಡಿಯಾರ ರಿಪೇರಿ ಮಾಡುವವರು. ತಿಂಗಳ ಮೊದಲ ಶನಿವಾರ ಅಂಗಡಿಗೆ ಬಾಗಿಲು ಹಾಕಿ ಬಸ್ ಹತ್ತಿ ರಿಪ್ಪನ್‌ಪೇಟೆಗೆ ಹೋಗುತ್ತಾರೆ. ಅಲ್ಲಿಗೆ ಹೊಸನಗರದಿಂದ ಒಬ್ಬ ರಿಟೈರ್ಡ್ ಮೇಷ್ಟ್ರು, ತೀರ್ಥಹಳ್ಳಿಯಿಂದ ಟೈಲರಿಂಗ್ ಮಾಡುವ ಒಬ್ಬ ಅಕ್ಕ ಬರುತ್ತಾರೆ. ಮೂವರೂ ಕಾಫಿ ಕುಡಿದು ಯಾವ ಊರಿಗೆ ಯಾರು ಅಂತ ತೀರ್ಮಾನ ಮಾಡಿಕೊಳ್ಳುತ್ತಾರೆ. ಪರಿಚಯದ ಮನೆಗಳಿಗಷ್ಟೇ ಹೋಗುವುದು. ಕೂರುತ್ತಾರೆ, ಮಾತಾಡುತ್ತಾರೆ. ಕೇಳಿದರೆ ಪ್ರಾರ್ಥನೆ, ಕೇಳಿದರೆ ಯೇಸುವಿನ ಮಾತು. ಕೇಳದಿದ್ದರೆ ಅಡಿಕೆ ರೇಟಿನ ಮಾತು. ಈ ತಿಂಗಳು ದೊಡ್ಡಪ್ಪ ಹೋದ ಮನೆಗೆ ಮುಂದಿನ ತಿಂಗಳು ಮೇಷ್ಟ್ರು ಹೋಗುತ್ತಾರೆ. "ಒಬ್ಬನೇ ಹೋಗ್ತಾ ಇದ್ರೆ 'ನಾನು ಮಾಡ್ದೆ' ಅನ್ನೋ ಹುಳ ಹೊಕ್ಕತ್ತೆ ಮಾರಾಯ" ಅನ್ನುತ್ತಾರೆ ದೊಡ್ಡಪ್ಪ.

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಒಂದು ಯುವಕರ ಪ್ರಾರ್ಥನಾ ಗುಂಪಿನಲ್ಲಿ ಓಡಾಡುತ್ತಿದ್ದ ಕಾಲ. ದೊಡ್ಡಪ್ಪನ ಕೆಲಸಕ್ಕೆ ಒಂದು ಸಿಸ್ಟಮ್ ಬೇಕು ಅನಿಸಿ ಎಕ್ಸೆಲ್ ಶೀಟ್ ಮಾಡಿಕೊಂಡು ಹೋದೆ. ಹೆಸರು, ಊರು, ಭೇಟಿಯಾದ ದಿನ, ಫಾಲೋಅಪ್, ಫಲಿತಾಂಶ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. ಆಮೇಲೆ ತಮ್ಮ ಡೈರಿ ತೆಗೆದು ತೋರಿಸಿದರು. ಅದರಲ್ಲಿದ್ದದ್ದು: 'ದೊಡ್ಡ ಮಗಳು ಪಿಯುಸಿ ಪಾಸ್.' 'ಅಜ್ಜಿಗೆ ಕಣ್ಣಿನ ಆಪರೇಷನ್, ಮೇಷ್ಟ್ರಿಗೆ ಹೇಳಬೇಕು.' 'ಕೊಳೆರೋಗ, ಅರ್ಧ ಫಸಲು ಹೋಯ್ತು.'

"ನಿನ್ನ ಶೀಟಲ್ಲಿ ದನ ಕರು ಹಾಕ್ತಾ ಅಂತ ಒಂದು ಕಾಲಂ ಇಲ್ವಲ್ಲೋ?"

ಆಗಲೇ ನಾನು ಕೇಳಿದ್ದು: "ಇಷ್ಟು ವರ್ಷ ಓಡಾಡಿ ಎಷ್ಟು ಜನ ಬಂದ್ರು ದೊಡ್ಡಪ್ಪ?" ಅವರು ಒಂದು ಕೈ ಎತ್ತಿ ತೋರಿಸಿದರು. ಐದು ಬೆರಳು. ಆಮೇಲೆ ಯೋಚಿಸಿ ಒಂದನ್ನು ಮಡಚಿದರು.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಬೈಬಲ್ ಕನ್ನಡಕ್ಕೆ ಬಂದ ಕಥೆ ಎತ್ತಿದರು. ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ ಇಪ್ಪತ್ತು ವರ್ಷ ದಾಟಿತ್ತು. ಕಿಟೆಲ್ ಬಂದದ್ದು 1853, ಅವರ ನಿಘಂಟು ಹೊರಬಂದದ್ದು 1894. ಅವರ ಹೆಸರು ನಮಗೆಲ್ಲ ಗೊತ್ತು. ಎದುರು ಕೂತು 'ಹೀಗಲ್ಲ ಸ್ವಾಮಿ, ಹೀಗೆ' ಅಂತ ಒಂದೊಂದೇ ಪದ ತಿದ್ದಿದ ಮುನ್ಷಿಗಳ ಹೆಸರು ಯಾರ ಬಾಯಲ್ಲೂ ಇಲ್ಲ. ಅವರಲ್ಲಿ ಎಷ್ಟೋ ಜನ ಕ್ರೈಸ್ತರೂ ಅಲ್ಲ. "ಅವ್ರನ್ನ ನಿನ್ನ ಯಾವ ಕಾಲಂಗೆ ಹಾಕ್ತೀಯ?" ಅಂದರು. ನನಗೆ ಇದೆಲ್ಲ ಹಳೇ ಕಾಲದವರ ನಿಧಾನದ ಸಮರ್ಥನೆ ಅನಿಸಿತು.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಬಂತು. ಕಾಡಿಗೆ ಸೊಪ್ಪಿಗೆ ಹೋದವರಿಗೆ ಉಣುಗು ಕಚ್ಚಿ ಜ್ವರ. ನಾನು ಕ್ರಿಸ್‌ಮಸ್ ರಜೆಗೆ ಬಂದಿದ್ದೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನ ಅಮ್ಮ ಅಡ್ಮಿಟ್ ಆಗಿದ್ದರು. ನೋಡಲು ಹೋದೆ. ಜ್ವರದಲ್ಲಿ ಅರೆಪ್ರಜ್ಞೆಯಲ್ಲಿದ್ದ ಅವರ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥನೆ ಮಾಡಿದೆ, ಯಾರನ್ನೂ ಕೇಳದೆ. ದಿಂಬಿನ ಪಕ್ಕ ಕರಪತ್ರ ಇಟ್ಟೆ. ಒಂದು ಫೋಟೊ ತೆಗೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸಂಜೆಯೊಳಗೆ ಮೂವತ್ತು 'ಆಮೆನ್' ಬಂದವು.

ಫೋಟೊ ಯಾರಿಂದಲೋ ಸುತ್ತಿ ಗೆಳೆಯನ ಫೋನಿಗೂ ಹೋಯಿತು. ಅವನು ಬೈಯಲಿಲ್ಲ. "ನಮ್ಮಮ್ಮ ನಿಂಗೆ ರಿಪೋರ್ಟಾ?" ಅಂತ ಕಳಿಸಿ ಬ್ಲಾಕ್ ಮಾಡಿದ.

ಮರುದಿನ ಅವರನ್ನು ಮಣಿಪಾಲಕ್ಕೆ ಸಾಗಿಸಬೇಕಾಯಿತು. ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಸಾಗರದಿಂದ ಹೊಸನಗರ, ನಗರ ದಾಟಿ ಹುಲಿಕಲ್ ಘಾಟಿ ಇಳಿದು ಹೋಗುವ ದಾರಿ. ದೊಡ್ಡಪ್ಪ ಫೋನ್ ಮಾಡಿದ್ದಕ್ಕೆ ಮೇಷ್ಟ್ರು ಹೊಸನಗರದಲ್ಲಿ ರಸ್ತೆ ಬದಿಗೆ ಗಂಜಿ, ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದರಂತೆ. ತೀರ್ಥಹಳ್ಳಿ ಅಕ್ಕನ ಮಗಳು ಮಣಿಪಾಲದಲ್ಲಿ ನರ್ಸ್. ಗೆಳೆಯ, ಅವನಪ್ಪ ಹದಿನೇಳು ದಿನ ಊಟ, ಸ್ನಾನ ಮಾಡಿದ್ದು ಅವಳ ಬಾಡಿಗೆ ಮನೆಯಲ್ಲಿ. ಅಕ್ಕ ಅಲ್ಲೇ ಉಳಿದು ಅಡುಗೆ ಮಾಡಿದರು. ದೊಡ್ಡಪ್ಪ ಇತ್ತ ಅವರ ಮನೆಯ ದನಗಳಿಗೆ ಹುಲ್ಲು ಹಾಕುವ ಜನ ಹುಡುಕಿದರು. ಮೂವರಲ್ಲಿ ಒಬ್ಬರೂ ದೇವರ ಸುದ್ದಿ ಎತ್ತಲಿಲ್ಲವಂತೆ. ಒಂದು ರಾತ್ರಿ ಗೆಳೆಯನ ಅಪ್ಪನೇ, "ನೀವು ದಿನಾ ಏನೋ ಪ್ರಾರ್ಥನೆ ಮಾಡ್ತೀರಲ್ಲಮ್ಮ, ನಮ್ಮನೆಯೋಳನ್ನೂ ಸೇರಿಸ್ಕೊಳ್ಳಿ" ಅಂದರಂತೆ.

ಅಮ್ಮ ಉಳಿದರು. ಆ ಮನೆಯವರು ಇವತ್ತಿಗೂ ಹಿಂದೂಗಳೇ, ದೀಪಾವಳಿಗೆ ಗೋಪೂಜೆ ಮಾಡುವವರೇ. ದೊಡ್ಡಪ್ಪ ಈಗಲೂ ಹೋಗುತ್ತಾರೆ. ಇದನ್ನು ಸುವಾರ್ತೆ ಅನ್ನಬಹುದಾ ಅಂತ ಗುಂಪಿನಲ್ಲಿ ಯಾರಾದರೂ ಕೇಳಿದರೆ ಹೇಗೆ ಉತ್ತರಿಸಬೇಕೋ ನನಗೆ ಗೊತ್ತಿಲ್ಲ. ದೊಡ್ಡಪ್ಪನಿಗೆ ಅನುಮಾನವಿಲ್ಲ.

'ಮಲೆಗಳಲ್ಲಿ ಮದುಮಗಳು' ಓದಿದ್ದು ಈ ಘಟನೆಯ ನಂತರ. ಬೈಸಿಕಲ್ಲು 'ಬೀಸೆಕಲ್ಲು' ಆಗುವ ಜಾಗದಲ್ಲಿ ಎಲ್ಲರ ಹಾಗೆ ನಕ್ಕೆ. ಬೆಟ್ಟಳ್ಳಿ ದೇವಯ್ಯನ ಬೆನ್ನು ಬಿದ್ದ ಪಾದ್ರಿ ಜೀವರತ್ನಯ್ಯ ಬಂದಾಗ ನಗು ನಿಂತಿತು. ಕುವೆಂಪು ನಮ್ಮವರನ್ನು ಗೇಲಿ ಮಾಡಿದ್ದಾರೆ ಅಂತ ಮೊದಲು ಕೇಳಿ ಸಿಟ್ಟಾಗಿದ್ದವನು ನಾನು. ಓದಿದಾಗ ಕಂಡದ್ದು ಆಸ್ಪತ್ರೆಯಲ್ಲಿ ಫೋನ್ ಹಿಡಿದು ನಿಂತ ನನ್ನದೇ ಮುಖ.

ಈಗ ದೊಡ್ಡಪ್ಪನಿಗೆ ಮಂಡಿನೋವು, ಬಸ್ ಹತ್ತಲಾಗುವುದಿಲ್ಲ. ಹೋದ ವರ್ಷದಿಂದ ಆದಾಗೆಲ್ಲ ನಾನೇ ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ. ಗೆಳೆಯನ ಮನೆ ಬಂದರೆ ಅವರನ್ನು ಇಳಿಸಿ ಕಾರಲ್ಲೇ ಕೂರುತ್ತಿದ್ದೆ. ಕಳೆದ ಸಲ ಅವನೇ ಅಂಗಳದಾಚೆ ಬಂದು ಕಿಟಕಿಗೆ ಬಗ್ಗಿದ.

"ಆ ಫೋಟೊ ಇದೆಯಾ ಇನ್ನೂ?"

"ಅವತ್ತೇ ಡಿಲೀಟ್ ಮಾಡ್ದೆ."

"ಗ್ರೂಪಲ್ಲಿದ್ದೋರ ಫೋನಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪಾಯ್ತು ಕಣೋ ಅಂದೆ. ಅವನು ಏನೂ ಹೇಳದೆ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಬಾಟಲಿ ತಂದು ಸೀಟಿನ ಮೇಲಿಟ್ಟ.

"ಇದು ದೊಡ್ಡಪ್ಪಂಗೆ" ಅಂದ. "ಅಮ್ಮ ಒಳಗೆ ಕಾಫಿ ಮಾಡ್ತಿದಾಳೆ. ಬರೋದಾದ್ರೆ ಬಾ."